ಚೀಲ ಮೊದಲು, ಗೋಡೆ ಆಮೇಲೆ

ಕಂಪ್ಯೂಟರ್ ಡಿಸ್ಕಿನ ಒಂದು ಭಾಗವನ್ನು ಕುಗ್ಗಿಸುವುದನ್ನು ಗೆಳೆಯನಿಗೆ ಕಲಿಸಿದ್ದು ಬ್ಯಾಡಗಿಯಲ್ಲಿ, ನಮ್ಮ ಮೆಣಸಿನಕಾಯಿ ಗೋದಾಮಿನಲ್ಲಿ. ಗೋಡೆ ಒಳಕ್ಕೆ ಸರಿಸಬೇಕೆಂದರೆ ಮೊದಲು ಚೀಲ ಒಳಗೆಳೆದುಕೊಳ್ಳಬೇಕಲ್ಲ, ಹಾಗೆಯೇ ಇದು: ಮೊದಲು ಫೈಲ್‌ಸಿಸ್ಟಮ್, ಅಂದರೆ ಒಳಗೆ ಫೈಲುಗಳನ್ನು ಜೋಡಿಸಿಟ್ಟ ವ್ಯವಸ್ಥೆ, ಅದನ್ನು ಕುಗ್ಗಿಸು, ಆಮೇಲೆ ಅದರ ಸುತ್ತಲಿನ ಗಡಿ. ಉಲ್ಟಾ ಮಾಡಿದರೆ ಚೀಲಗಳು ಗೋಡೆಯಾಚೆ. ಅವನು ಸೀನುತ್ತಲೇ ತಲೆಯಾಡಿಸಿದ.

ಇಬ್ಬರೂ ರಾಣೆಬೆನ್ನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೆವು. ಅವನನ್ನು ಸೇರಿಸಿದ್ದು ನಾನು. ಅಲ್ಲಿನ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೂ ನಾನೇ, ಇಂಟರ್‌ನೆಟ್ಟಿನಲ್ಲಿ ಓದಿ ಓದಿ.

ಒಂದು ದಿನ ಸಿಸ್ಟಮ್ ಇದ್ದ ಭಾಗ ತುಂಬಿಹೋಯಿತು. ಫೋಟೋಗಳಿದ್ದ ಭಾಗದಿಂದ ಜಾಗ ಕಿತ್ತು ಕೊಡಬೇಕಿತ್ತು. ಅದರಲ್ಲಿ ಕದರಮಂಡಲಗಿಯವರ ಮದುವೆಯ ಫೋಟೋಗಳಿದ್ದವು. ಕ್ಯಾಮೆರಾದ ಕಾರ್ಡು ಅಳಿಸಿಯಾಗಿತ್ತು, ಬೇರೆ ಕಾಪಿ ಇಲ್ಲ. ನಾನು ಆಲ್ಬಮ್ ಮುಟ್ಟಿಸಲು ಹಾವೇರಿಗೆ ಹೋಗಿದ್ದೆ. ಮಾಲೀಕರಿಗೆ ಅವಸರ. ಫೋನಿನಲ್ಲೇ ಗೆಳೆಯನಿಗೆ ಒಂದೊಂದು ಅಕ್ಷರ ಹೇಳಿ ಹೊಡೆಸಿದೆ. ಮೊದಲು ಫೈಲ್‌ಸಿಸ್ಟಮ್ ಸರಿಯಿದೆಯೇ ಎಂಬ ಚೆಕ್, ಆಮೇಲೆ ಅದನ್ನು ಕುಗ್ಗಿಸುವ resize2fs.

"ಆತೇನು?"

"ಆತು."

"ಖರೇನ?"

"ಆತಲೇ ಮಾರಾಯಾ, ಮುಂದಿಂದು ಹೇಳು."

ಗಡಿ ಸರಿಸುವ ಆಜ್ಞೆ ಹೇಳಿದೆ. ಫೋಟೋಗಳು ತೆರೆಯಲಿಲ್ಲ. ಏನೂ ಮುಟ್ಟಬೇಡ ಎಂದು ಬಸ್ಸು ಹಿಡಿದೆ.

ಒಳಗೆ ಕಾಲಿಡುವಾಗ ಅವನು ಮಾಲೀಕರಿಗೆ ಹೇಳುತ್ತಿದ್ದ: "ಅಣ್ಣಾರ, ಅವ ಹೇಳಿದ್ದನ್ನ ಹೊಡದೇನ್ರಿ. ಒಂದ ಅಕ್ಷರಾನೂ ಬದಲ್ ಮಾಡಿಲ್ಲ."

ನಾನು ಕಂಪ್ಯೂಟರ್ ಮುಂದೆ ಕೂತು ನೋಡಿದೆ. ಫೈಲ್‌ಸಿಸ್ಟಮ್ ಇನ್ನೂ ಹಳೆಯ ಅಳತೆಯಲ್ಲೇ ಇತ್ತು. ಚೀಲ ಸರಿಸಿಯೇ ಇರಲಿಲ್ಲ. ಮಾಲೀಕರು ಹೊರಗೆ ಹೋದಾಗ ಅವನು ಮೆಲ್ಲಗೆ ಬಾಯಿಬಿಟ್ಟ: "ಚೆಕ್ ಭಾಳ ಹೊತ್ತು ಹಿಡೀತು, ಬಂದ್ ಮಾಡಿದೆ. ಆಮ್ಯಾಲ ಅದು ಕುಗ್ಗಲಿಲ್ಲ. ಗಿರಾಕಿ ನಿಂತಿದ್ರು, ಆತು ಅಂದೆ."

ಚೀಲ ಅಲುಗದಿದ್ದದ್ದೇ ಫೋಟೋಗಳನ್ನು ಉಳಿಸಿತು. ಗೋಡೆಯನ್ನು ಮೊದಲಿದ್ದಲ್ಲಿಗೇ ತಂದೆ, ಪೂರ್ತಿ ಚೆಕ್ ಮಾಡಿಸಿದೆ. ಸಿಸ್ಟಮ್ ಭಾಗದಲ್ಲಿ ಬೇಡದ್ದನ್ನು ಅಳಿಸಿ ಸದ್ಯಕ್ಕೆ ಜಾಗ ಮಾಡಿದೆ. ಪರದೆಯ ಮೇಲೆ ಮದುಮಗಳು ಅರಿಶಿನದ ಮುಖದಲ್ಲಿ ನಕ್ಕಳು. ಈಗಲಾದರೂ ಅಣ್ಣಾರಿಗೆ ನಿಜ ಹೇಳು ಎಂದೆ.

"ಫೋಟೋ ಬಂದ್ವಲ್ಲ, ಇನ್ಯಾಕ?" ಎಂದ.

ಮಾಲೀಕರು ಸಿಟ್ಟೇನೂ ಮಾಡದೆ ನನಗೆ ಹೇಳಿದರು: "ತಮ್ಮಾ, ನೀ ಇನ್ನ ಕಂಪ್ಯೂಟರ್ ಮುಟ್ಟಬ್ಯಾಡ. ಇವ ನೋಡ್ಕೋತಾನ." ನಾನು ಅವನ ಮುಖ ನೋಡಿದೆ. ಅವನು ಮದುಮಗಳನ್ನು ನೋಡುತ್ತಿದ್ದ.

ಕೆಲಸ ಬಿಟ್ಟೆ. ಸ್ವಲ್ಪ ದಿನಕ್ಕೆ ಅವನ ಫೋನ್ ಬಂತು. ಸಿಸ್ಟಮ್ ಭಾಗ ಮತ್ತೆ ತುಂಬಿತ್ತಂತೆ.

"ಮೊದಲ ಯಾವ್ದಲೇ?"

ಕಟ್ ಮಾಡಬೇಕೆನಿಸಿತು. ಆದರೆ ಒಳಗಿದ್ದ ಮದುವೆಗಳು ಅವನವಲ್ಲ.

"ಚೀಲ," ಎಂದೆ. "ಈ ಸಲ ಆತು ಅನ್ನೂಕಿಂತ ಮೊದಲ ನೋಡು."