ನೀರು ತಾಗದ ಎರಡಿಂಚು ಜಾಗ

ಇದು ಕಳೆದ ವರ್ಷದ ಶ್ರಾವಣದಲ್ಲಿ ನಡೆದದ್ದು. ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ಬಿಡುವಿಲ್ಲದ ಮಳೆ. ಶುಕ್ರವಾರದ ಪೂಜೆಗೆ ಹೂವು ತರುತ್ತೇನೆಂದು ಸ್ಟೇಷನ್ ಹತ್ತಿರದ ಮಾರ್ಕೆಟ್ಟಿಗೆ ಹೋದ ನನ್ನ ಅತ್ತೆ, ಬರುವಾಗ ಶೇರ್ ರಿಕ್ಷಾದಿಂದ ಇಳಿಯಲು ಹೋಗಿ ಜಾರಿದರು. ರಿಕ್ಷಾದ ತಗಡಿನ ಅಂಚು ಮೊಣಕಾಲಿನ ಕೆಳಗೆ ಗೀರಿತು. ಮನೆಗೆ ಬಂದವರೇ ಅರಿಶಿನಕ್ಕೆ ತೆಂಗಿನೆಣ್ಣೆ ಕಲಸಿ ಮೆತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಹೂ ಕಟ್ಟುತ್ತ ಕುಳಿತಿದ್ದರು. ಸಂಜೆ ನಾನು ಕೆಲಸದಿಂದ ಬಂದು, ಸೀರೆಯ ಅಂಚಿಗೆ ಹತ್ತಿದ್ದ ಹಳದಿ ಕಲೆ ನೋಡಿ ಕೇಳಿದ ಮೇಲೆಯೇ ವಿಷಯ ಹೊರಬಂತು.

ನಾನು ಮೈಸೂರಿನವಳು, ಮದುವೆಯಾಗಿ ಸೇರಿದ್ದು ಉಡುಪಿ ಕಡೆಯವರ ಮನೆ. ನನ್ನ ಕೆಲಸ ಠಾಣೆಯ ವರ್ತಕ ನಗರದಲ್ಲಿ. ಗಂಡ ನೆರೂಳದ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರು ಮನೆಯಲ್ಲಿ ಇರುವುದಕ್ಕಿಂತ ಹೋಟೆಲಿನಲ್ಲಿ ಇರುವುದೇ ಹೆಚ್ಚು. ಹಾಗಾಗಿ ಮನೆಯೆಂದರೆ ನಾನು ಮತ್ತು ಅತ್ತೆ. ಇಬ್ಬರೂ ಹಟಮಾರಿಗಳು. ಅತ್ತೆಗೆ ಮಡಿ ಎಂದರೆ ಪ್ರಾಣ. ದಿನಾ ತಲೆಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ದೇವರಿಗೆ ದೀಪ ಹಚ್ಚಿದ ಮೇಲೆಯೇ ಬಾಯಿಗೆ ತಿಂಡಿ. ಸ್ನಾನವಾದಾಗಿನಿಂದ ಅಲ್ಲಿಯವರೆಗೆ ಯಾರೂ ಅವರನ್ನು ಮುಟ್ಟುವಂತಿಲ್ಲ. ರಜೆಯ ದಿನ ನೈಟಿಯಲ್ಲಿ ಓಡಾಡುವ ನನ್ನನ್ನು ಕಂಡರಂತೂ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದರು.

ಆ ಸಂಜೆಯೇ ಅತ್ತೆಯನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆ. ಡಾಕ್ಟರು ಗಾಯ ತೊಳೆದು, ಟಿಟಿ ಇಂಜೆಕ್ಷನ್ ಕೊಟ್ಟು, ಹೊಲಿಗೆ ಬೇಡ ಎಂದರು. ಎರಡಿಂಚು ಉದ್ದದ ಗಾಯ, ಆಳವಿರಲಿಲ್ಲ. ಆದರೆ ಅತ್ತೆಗೆ ಹಳೆಯ ಸಕ್ಕರೆ ಕಾಯಿಲೆ. "ಆಜಿ, ಪಾಣೀ ಲಾಗೂ ದ್ಯಾಯಚಂ ನಾಹೀ" ಎಂದು ಡಾಕ್ಟರು ಅವರಿಗೆ ಬೆರಳೆತ್ತಿ ಹೇಳಿದರು. ನೀರು ತಾಗಿಸಲೇಬಾರದು. ನನಗೆ ಬೇರೆಯಾಗಿ, ಶುಗರ್ ಇರುವವರ ಕಾಲಿನ ಗಾಯವನ್ನು ಸಣ್ಣದು ಎನ್ನಬೇಡಿ, ಒದ್ದೆಯಾಗಿ ಕೀವಾದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ಸ್ನಾನ ಬಿಡದಿದ್ದರೆ ಮೇಲೆ ವಾಟರ್‌ಪ್ರೂಫ್ ಟೇಪ್ ಹಾಕಿ ಎಂದರು. ಅತ್ತೆಯಿಂದ ಸ್ನಾನ ಬಿಡಿಸುವುದು ನನ್ನಿಂದಾಗುವ ಕೆಲಸವಲ್ಲ. ಟೇಪ್ ಹಾಕುವುದು ಆಗುವ ಕೆಲಸ. ಈ ಕಾಲು ಉಳಿಸಿಯೇ ಸಿದ್ಧ ಎಂದುಕೊಂಡೆ.

ನಮ್ಮ ಬಿಲ್ಡಿಂಗಿನ ಕೆಳಗಿನ ಮೆಡಿಕಲ್‌ನಲ್ಲಿ ಮೊದಲು ಸಿಕ್ಕಿದ್ದು ಕಾಗದದಂಥ ಟೇಪ್. ನೀರು ಬೀಳುತ್ತಲೇ ಅದು ಬಿಟ್ಟುಬಂತು. ಆಮೇಲೆ ಬಿಳಿ ಬಟ್ಟೆಯ ಟೇಪ್ ತಂದೆ. ಅದು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ, ತೆಗೆಯುವಾಗ ಅತ್ತೆಯ ತೆಳು ಚರ್ಮವೇ ಕೆಂಪಾಗಿ ಎದ್ದುಬಂತು. ಮೂರನೆಯದು ಪಾರದರ್ಶಕ ಟೇಪ್. ಮೃದುವಾಗಿತ್ತು, ಕಾಲು ಮಡಿಸಿದರೆ ಜೊತೆಗೇ ಮಡಿಸುತ್ತಿತ್ತು. ಇದೇ ಸರಿ ಎನ್ನಿಸಿತು. ಅಂಟಿಸುವುದನ್ನೂ ಕಲಿತೆ. ಅತ್ತೆಯ ಕಾಲಿಗೆ ಸದಾ ತೆಂಗಿನೆಣ್ಣೆ. ಎಣ್ಣೆಯ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ, ಸುತ್ತಲಿನ ಚರ್ಮ ಒರೆಸಿ ಪೂರ್ತಿ ಒಣಗಿಸಬೇಕು. ಗಾಯದ ಮೇಲೆ ನೇರ ಟೇಪ್ ಹಾಕಬಾರದು, ಕೆಳಗೆ ಗಾಜ್ ಬಟ್ಟೆ ಇಟ್ಟು, ಅದರ ನಾಲ್ಕೂ ಕಡೆ ಬೆರಳಗಲ ಚರ್ಮ ಹಿಡಿಯುವಂತೆ ಅಂಟಿಸಬೇಕು. ಕಾಲನ್ನು ಸುತ್ತಿ ಬಿಗಿದರೆ ರಕ್ತ ಓಡಾಡುವುದಿಲ್ಲ, ಸುತ್ತಲೇಬಾರದು. ತೆಗೆಯುವಾಗ ಒಂದು ಕೈಯಿಂದ ಚರ್ಮ ಒತ್ತಿ ಹಿಡಿದು ನಿಧಾನವಾಗಿ ಸುಲಿಯಬೇಕು. ಒಳಗೆ ಒದ್ದೆಯಾದರೆ ಆಗಲೇ ಬದಲಿಸಬೇಕು.

ದಿನಾ ಬೆಳಿಗ್ಗೆ ಇಷ್ಟೆಲ್ಲ ಮಾಡಿ ನಾನು ಏಳೂವರೆಯ ಲೋಕಲ್ ಟ್ರೇನಿಗೆ ಓಡುತ್ತಿದ್ದೆ. ಅತ್ತೆಯ ಸ್ನಾನ, ಪೂಜೆ ನಾನು ಹೋದ ಮೇಲೆ. ಸಂಜೆ ಬಂದು ಬಿಚ್ಚಿ ನೋಡಿದರೆ ಗಾಜ್ ಒದ್ದೆ! ಟೇಪಿನ ಅಂಚೆಲ್ಲ ಸುಕ್ಕು. ಮರುದಿನವೂ ಹಾಗೇ. ಗಾಯದ ಸುತ್ತ ಚರ್ಮ ಬಿಳುಚಿ, ಅದರಾಚೆ ಕೆಂಪಡರಿತು. ಡಾಕ್ಟರು ಮಾತ್ರೆ ಬದಲಿಸಿ, ಕೆಂಪು ಇನ್ನೂ ಹರಡಿದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದುಬಿಟ್ಟರು.

ನನ್ನ ಸಿಟ್ಟೆಲ್ಲ ಮೆಡಿಕಲ್‌ನವನ ಮೇಲೆ ತಿರುಗಿತು. "ಭಯ್ಯಾ, ಯೇ ಕೈಸಾ ವಾಟರ್‌ಪ್ರೂಫ್ ಹೈ? ಪೂರಾ ಪಾನೀ ಅಂದರ್!" ನೀರೆಲ್ಲ ಒಳಗೇ ಹೋಗಿದೆ ಎಂದು ಗಿರಾಕಿಗಳ ಮುಂದೆಯೇ ಜಗಳ ತೆಗೆದೆ. ಅವನೂ ಬಿಡಲಿಲ್ಲ. "ಮ್ಯಾಡಂ, ಆಪ್ ಹೀ ಪೆಹನ್ ಕೆ ದೇಖೋ" ಎಂದ, ನೀವೇ ಹಾಕಿಕೊಂಡು ನೋಡಿ ಎಂದು. ಸರಿ, ನೋಡಿಯೇಬಿಡೋಣ ಎಂದು ಮನೆಗೆ ಬಂದು ನನ್ನ ಮುಂಗೈಗೇ ಗಾಜ್ ಇಟ್ಟು ಟೇಪ್ ಹಾಕಿಕೊಂಡೆ. ಮರುದಿನ ಅದರಲ್ಲೇ ಸ್ನಾನ ಮಾಡಿದೆ, ಪಾತ್ರೆ ತೊಳೆದೆ, ಮಳೆಯಲ್ಲಿ ಕೊಡೆ ಮುದುರಿಟ್ಟು ಬೇಕೆಂದೇ ಕೈ ನೆನೆಸಿದೆ. ಸಂಜೆ ಬಿಚ್ಚಿದರೆ ಒಳಗಿನ ಗಾಜ್ ಗರಿಗರಿಯಾಗಿತ್ತು. ಟೇಪಿನದೇನೂ ತಪ್ಪಿರಲಿಲ್ಲ. ಹಾಗಾದರೆ ಅತ್ತೆಯ ಕಾಲಿಗೆ ನೀರು ಹೋಗುವುದು ಎಲ್ಲಿಂದ?

ಉತ್ತರ ಸಿಕ್ಕಿದ್ದು ಭಾನುವಾರ. ಬಚ್ಚಲಿನಿಂದ ಅತ್ತೆ ಕೂಗಿದರು. "ಶ್ಯಾಮಲಾ, ಮಡಿ ಬೈರಾಸು ಹೊರಗೇ ಬಿಟ್ಟೆ ಮಾರಾಯ್ತಿ. ಕೈ ತಾಗಿಸ್ಬೇಡ, ಕೋಲಿನಲ್ಲಿ ಎತ್ತಿ ಕೊಡು." ಬಟ್ಟೆ ಹರವುವ ಕೋಲಿನ ತುದಿಗೆ ಬೈರಾಸೆಂಬ ಆ ಟವೆಲ್ಲನ್ನು ಸಿಕ್ಕಿಸಿ ಬಾಗಿಲ ಸಂದಿಯಿಂದ ಒಳಗೆ ಚಾಚಿದೆ. ಆಗ ಕಣ್ಣಿಗೆ ಬಿತ್ತು, ಸೋಪಿನ ತಟ್ಟೆಯ ಪಕ್ಕ ಗೋಡೆಯ ಟೈಲ್ಸಿಗೆ ಅಂಟಿಸಿದ್ದ ಟೇಪ್, ಗಾಜ್ ಬಟ್ಟೆಯ ಸಮೇತ. ಸ್ನಾನ ಮುಗಿದ ಮೇಲೆ ಮತ್ತೆ ಕಾಲಿಗೆ ಹಾಕಿಕೊಳ್ಳಲು ಜೋಪಾನವಾಗಿ ಇಟ್ಟದ್ದು.

"ಅತ್ತೆ! ಏನಿದು ನೀವು ಮಾಡ್ತಿರೋದು? ದಿನಾ ಕಿತ್ತು ಹಾಕ್ತಿದ್ರಾ?"

ಒಳಗಿನಿಂದ ಉತ್ತರ ಬಂತು. "ಮತ್ತೆಂತ ಮಾಡುದು? ಮೈಗೆಲ್ಲ ನೀರು ಬಿದ್ದು ಅಷ್ಟು ಜಾಗ ಮಾತ್ರ ಒಣಗಿ ಉಳಿದ್ರೆ ಅದು ಸ್ನಾನವಾ? ಅದರಲ್ಲಿ ದೇವರನ್ನು ಮುಟ್ಲಿಕ್ಕೆ ಆಗ್ತದಾ?"

ಅವತ್ತು ಮನೆಯಲ್ಲಿ ದೊಡ್ಡ ರಂಪವಾಯಿತು. ನಾನು ಕಾಲು ಹೋದೀತು ಎಂದೆ. ಅವರು ಹೋದರೆ ಹೋಗಲಿ ಎಂದರು. ಗಂಡನಿಗೆ ಫೋನ್ ಮಾಡಿದರೆ, "ಅಮ್ಮನಿಗೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ಇಟ್ಟುಬಿಟ್ಟರು. ಕೊನೆಗೆ ಅತ್ತೆ, "ಆಯ್ತು, ನಿನ್ನ ಪಟ್ಟಿ ಇರ್ಲಿ. ನಾನು ದೇವರ ಹತ್ರ ಹೋಗುದಿಲ್ಲ, ನನಗೆ ಊಟವೂ ಬೇಡ" ಎಂದು, ನನ್ನಿಂದ ಹೊಸ ಟೇಪ್ ಹಾಕಿಸಿಕೊಂಡು ಅದರಲ್ಲೇ ಮತ್ತೆ ಮಿಂದು ಬಂದು, ಕಿಟಕಿಯ ಕಡೆ ಮುಖ ಮಾಡಿ ಕುಳಿತರು. ಶುಗರಿನ ಮಾತ್ರೆ ನುಂಗುವ ಜೀವ, ಹಸಿದಿದ್ದರೆ ಸಕ್ಕರೆ ತೀರ ಇಳಿದುಬಿಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವರ ಕೈ ನಡುಗುವುದನ್ನು ನೋಡಿ ನನಗೆ ಅಳುವೇ ಬಂತು. ಗ್ಲುಕೋಸ್ ನೀರು ಹಿಡಿದರೆ ಮುಖ ತಿರುಗಿಸಿದರು.

ಜಗಳದಿಂದ ಇದು ಬಗೆಹರಿಯುವುದಿಲ್ಲ ಎಂದು ಆಗ ಅರಿವಾಯಿತು. ಹಾಗೆಂದು ಸೋಲಲು ನಾನೂ ಸಿದ್ಧಳಿರಲಿಲ್ಲ. ನೆಲದ ಮೇಲೆ ಅವರೆದುರು ಕುಳಿತು ಕೇಳಿದೆ.

"ಅತ್ತೆ, ನಿಮ್ಮೂರಲ್ಲಿ ಜ್ವರ ಬಂದು ಮಲಗಿದವರು ಮಡಿಗೆ ಏನು ಮಾಡ್ತಿದ್ರು? ಅವರಿಗೆ ಸ್ನಾನ ಮಾಡೋಕ್ಕಾಗಲ್ವಲ್ಲ?"

ಕಿಟಕಿಯ ಕಡೆ ನೋಡುತ್ತಲೇ ಅಂದರು. "ಮನೆಯಲ್ಲಿ ಬೇರೆ ಯಾರಾದ್ರೂ ಮಿಂದು ಬಂದು ಅವರನ್ನು ಮುಟ್ಟುದು. ಆ ಸ್ನಾನ ಇವರಿಗೆ ಬಂತು ಅಂತ ಲೆಕ್ಕ."

"ಹಾಗಾದ್ರೆ ಆ ಎರಡಿಂಚಿನ ಸ್ನಾನ ನಾನು ಮಾಡ್ತೀನಿ. ಮಿಕ್ಕಿದ್ದು ನೀವು ಮಾಡಿ."

ಅತ್ತೆ ತಿರುಗಿ ನನ್ನನ್ನೇ ನೋಡಿದರು. "ತಲೆಗೆ ಮೀಯ್ಬೇಕು, ಗೊತ್ತುಂಟಾ? ದಿನಾ. ನಿನ್ನ ಲೋಕಲ್ ತಪ್ಪುದಿಲ್ವಾ?"

"ಅದು ನನ್ನ ತಲೆನೋವು. ಈಗ ಏಳಿ, ಊಟಕ್ಕೆ."

ಆಗಲೇ ಹೋಗಿ ತಲೆಗೆ ನೀರು ಸುರಿದುಕೊಂಡೆ. ಅವರದೇ ಒಂದು ಹಳೆಯ ಮಡಿಸೀರೆಯನ್ನು ಮೈಸೂರಿನವಳಿಗೆ ತೋಚಿದಂತೆ ಸುತ್ತಿಕೊಂಡು ಬಂದು, ಹೊಸದಾಗಿ ಹಾಕಿದ ಟೇಪಿನ ಪಕ್ಕದಲ್ಲಿ ಬೆರಳಿಟ್ಟೆ. ಅತ್ತೆ ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಎದ್ದು ಹೋಗಿ ದೀಪ ಹಚ್ಚಿದರು. ಆಮೇಲೆ ಉಂಡರು.

ಅಂದಿನಿಂದ ಅದೇ ಕ್ರಮ. ನಾನು ಬೇಗ ಎದ್ದು ಟೇಪ್ ಹಾಕಿ ಸ್ನಾನಕ್ಕೆ ಹೋಗುತ್ತಿದ್ದೆ. ಅವರೂ ನನ್ನ ಲೋಕಲ್ಲಿಗಾಗಿ ತಮ್ಮ ಸ್ನಾನವನ್ನು ಬೇಗ ಮಾಡಿಕೊಳ್ಳತೊಡಗಿದರು. ಮಳೆಗಾಲದಲ್ಲಿ ದಿನಾ ತಲೆಸ್ನಾನವೆಂದರೆ ಹುಡುಗಾಟವಲ್ಲ. ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ನನ್ನ ಒದ್ದೆ ಜಡೆ ತಾಗಿದವರೆಲ್ಲ ಗೊಣಗುತ್ತಿದ್ದರು. "ಕ್ಯಾ ಶ್ಯಾಮಲಾ, ರೋಜ್ ಉಪವಾಸ್?" ಎಂದು ಗೆಳತಿಯರು ಕಾಲೆಳೆದರು. ಶೀತವಾಯಿತು, ಮೂಗು ಕಟ್ಟಿತು. ಆದರೂ ಒಂದು ದಿನ ತಪ್ಪಿಸಲಿಲ್ಲ. ಸಂಜೆ ಬಿಚ್ಚಿದಾಗ ಗಾಜ್ ಒಣಗಿರುತ್ತಿತ್ತು. ಅದನ್ನು ನೋಡುವ ಸಂತೋಷಕ್ಕೆ ಶೀತವೇನೂ ಹೆಚ್ಚಲ್ಲ ಎನ್ನಿಸುತ್ತಿತ್ತು. ಕೆಂಪು ಇಳಿಯಿತು, ಗಾಯದ ಮೇಲೆ ಹಕ್ಕಳೆ ಕಟ್ಟಿತು, ಅದೂ ಉದುರಿತು. ಒಂದು ಸಂಜೆ ಡಾಕ್ಟರು ಒತ್ತಿ ನೋಡಿ, ಇನ್ನು ಪಟ್ಟಿ ಬೇಡ ಎಂದರು.

ಮರುದಿನ ಬೆಳಿಗ್ಗೆ ರೂಢಿಯ ಬಲದಲ್ಲಿ ಎದ್ದವಳೇ ತಲೆಗೆ ನೀರು ಹಾಕಿಕೊಂಡುಬಿಟ್ಟೆ. ಆಮೇಲೆ ನೆನಪಾಗಿ, ನನ್ನ ಪೆದ್ದುತನಕ್ಕೆ ನಗುತ್ತ, ನೈಟಿ ಸಿಕ್ಕಿಸಿಕೊಂಡು ಬಂದು ಕಾಫಿಗೆ ಇಟ್ಟೆ. ಕೂದಲಿನಿಂದ ನೀರು ಇಳಿಯುತ್ತಿತ್ತು. ಅಷ್ಟರಲ್ಲಿ ಅತ್ತೆ ಸ್ನಾನ ಮುಗಿಸಿ ಮಡಿಸೀರೆಯಲ್ಲಿ ಬಂದರು. ನಾನು ಎಂದಿನಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ದೇವರ ಮೂಲೆಗೆ ಹೋಗಲಿಲ್ಲ. ಕೈಯಲ್ಲಿದ್ದ ಬೈರಾಸನ್ನು ನನ್ನ ತಲೆಯ ಮೇಲೆ ಹಾಕಿ ಗಸಗಸನೆ ಒರೆಸತೊಡಗಿದರು.

ನಾನು ಹೌಹಾರಿ, "ಅತ್ತೆ, ಮಡಿ! ನಾನು ನೈಟಿಯಲ್ಲಿದೀನಿ!" ಎಂದೆ.

"ಕಾಣ್ತದೆ ನನಗೆ. ಸುಮ್ಮನೆ ನಿಲ್ಲು. ಇನ್ನು ನನ್ನ ಪಾಲಿನ ಸ್ನಾನ ನೀನು ಮಾಡುದು ಬೇಡ."

ಕೂದಲ ತುದಿಯವರೆಗೂ ಒರೆಸಿ ಬೈರಾಸನ್ನು ನನ್ನ ಹೆಗಲಿಗೆ ಹಾಕಿದರು. ಮತ್ತೆ ಮೀಯಲು ಬಚ್ಚಲಿಗೆ ಹೋದಾರು ಎಂದು ನೋಡುತ್ತಿದ್ದೆ. ಹೋಗಲಿಲ್ಲ. ನನ್ನನ್ನು ಮುಟ್ಟಿದ ಅದೇ ಕೈಯಲ್ಲಿ ದೇವರಿಗೆ ದೀಪ ಹಚ್ಚಿದರು.

ಆ ಗಾಯದ ಕಲೆ ಅತ್ತೆಯ ಕಾಲಿನಲ್ಲಿ ಈಗ ಹುಡುಕಿದರೂ ಸರಿಯಾಗಿ ಕಾಣುವುದಿಲ್ಲ. ಮಡಿಯ ಕಟ್ಟುನಿಟ್ಟು ಮೊದಲಿನಂತೆಯೇ ಇದೆ, ರಜೆಯ ದಿನ ನಾನು ಈಗಲೂ ಪಕ್ಕಕ್ಕೆ ಸರಿಯುತ್ತೇನೆ. ಆದರೆ ಸರಿಯುವಾಗ ಮೊದಲಿನ ಬೇಸರವಿಲ್ಲ. ಬೇಕೆಂದರೆ ಅವರು ನನ್ನನ್ನು ಮುಟ್ಟಿಯೂ ದೇವರ ಮುಂದೆ ನಿಲ್ಲಬಲ್ಲರು ಎಂದು ನನಗೆ ಗೊತ್ತು.