ಡೇಕೇರ್ ಬಿಲ್ಲಿನಲ್ಲಿ ಯಾರ ಹೆಸರು?

ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿ ಬಡಾವಣೆಯ ಸರಕು ಗೋದಾಮಿನ ಅಂಗಳಕ್ಕೆ ನೀಲಗಂಗಾ ಇಳಿದಳೆಂದರೆ ದೈತ್ಯ ಲಾರಿಗಳೂ ಉಸಿರು ಬಿಗಿಹಿಡಿಯುತ್ತವೆ. ಯಾವ ಲಾರಿ ಯಾವ ಬಾಗಿಲಿಗೆ, ಯಾವುದು ಮೊದಲು, ಯಾವುದು ಬಿಸಿಲಲ್ಲಿ ಕಾಯಬೇಕು ಎಂದು ತೀರ್ಮಾನಿಸುವವಳು ಅವಳು. ಬಾಗಿಲಷ್ಟೇ ಎತ್ತರದ ಡ್ರೈವರೊಬ್ಬ ಒಮ್ಮೆ ಅವಳೊಡನೆ ವಾದಕ್ಕೆ ನಿಂತಿದ್ದ. ಈಗ ಅವಳು ಕೆಲಸಕ್ಕೆ ಬಂದ ದಿನವೆಲ್ಲ ಬೆಳಿಗ್ಗೆ ಕಾಫಿ ತಂದುಕೊಡುತ್ತಾನೆ. ಹುಬ್ಬಳ್ಳಿಯಲ್ಲಿ ಬಿ.ಇ. ಮುಗಿಸಿ, ಮುಂದೆ ಓದಲೆಂದು ಕ್ರೈಸ್ಟ್‌ಚರ್ಚಿಗೆ ಬಂದು ಇಲ್ಲೇ ಬೇರೂರಿದ ಈ ಕುಳ್ಳ ಹೆಂಗಸು ಸೋತದ್ದನ್ನು ಕಂಡವರಿರಲಿಲ್ಲ.

ಅವಳಿಗೆ ಸರಿಸಾಟಿಯಾದ ವೀರ ಮನೆಯೊಳಗೇ ಇದ್ದ. ಮಾವ ಫಕೀರಪ್ಪನವರು, ಗದಗಿನ ತಹಶೀಲ್ದಾರ್ ಕಚೇರಿಯ ನಿವೃತ್ತ ಹೆಡ್ ಕ್ಲಾರ್ಕ್. ಹೆಂಡತಿ ತೀರಿಕೊಂಡ ಮೇಲೆ ಮಗ ಓಂಕಾರ ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದ.

ಮೊಮ್ಮಗಳು ಪ್ರಾಚಿಯನ್ನು ಡೇಕೇರಿಗೆ ಸೇರಿಸುವ ದಿನ ಗಂಡಹೆಂಡತಿ ಇಬ್ಬರಿಗೂ ರಜೆ ಸಿಗಲಿಲ್ಲ. ಮಾವನೇ ಹೋದರು. ಅಲ್ಲಿನ ಮುಖ್ಯಸ್ಥೆ ಶೆರಿಲ್ ಅವರ ಕೈಗೊಂದು ಅರ್ಜಿ ಕೊಟ್ಟಳು. ನಿವೃತ್ತಿಯಾದಂದಿನಿಂದ ಅರ್ಜಿಯ ಮುಖ ಕಾಣದೆ ಬಾಡಿಹೋಗಿದ್ದ ಜೀವ ಅದು. ಹೋಳಿಗೆ ಸಿಕ್ಕವರಂತೆ ಕೂತು, ದಪ್ಪ ಅಕ್ಷರಗಳಲ್ಲಿ, ಒಂದು ಚೌಕವನ್ನೂ ಬಿಡದೆ ತುಂಬಿದರು. ‘ಫೀ ಕಟ್ಟುವ ಜವಾಬ್ದಾರಿ ಯಾರದು’ ಎಂದು ಕೇಳಿದಲ್ಲಿ ತಮ್ಮ ಹೆಸರನ್ನೇ ಬರೆದರು. ಮನೆಯಲ್ಲಿ ಹಿರಿಯನಿರುವಾಗ ಕಾಗದದ ಮೇಲೆ ಕಿರಿಯರ ಹೆಸರೇ? ಅವರ ಪ್ರಕಾರ ಅದು ಅಪಚಾರ. ಫೀ ಮಾತ್ರ ಸೊಸೆಯ ಸಂಬಳದಿಂದ ಹೋಗುತ್ತಿತ್ತು.

ಇಲ್ಲಿ ಡೇಕೇರಿಗೆ ಕೊಟ್ಟ ಫೀಯಲ್ಲಿ ಒಂದು ಪಾಲನ್ನು ತೆರಿಗೆ ಇಲಾಖೆ ತಂದೆತಾಯಿಗೆ ಹಿಂದಿರುಗಿಸುತ್ತದೆ. ಬಿಲ್ಲುಗಳನ್ನು ಆನ್‌ಲೈನಿನಲ್ಲಿ ಹಾಕಿದರಾಯಿತು. ನೀಲಗಂಗಾ ಹಾಕಿದಳು, ಅವು ಹಾಗೇ ಮರಳಿದವು. ಈ ಫಕೀರಪ್ಪ ಎಂಬವರು ಮಗುವಿನ ತಾಯಿಯೂ ಅಲ್ಲ, ತಂದೆಯೂ ಅಲ್ಲವಲ್ಲ ಎಂದು ಇಲಾಖೆ ವಿನಯದಿಂದ ಕೇಳಿತ್ತು. ಇಲಾಖೆಯನ್ನು ಬೈಯುವಂತೆಯೂ ಇರಲಿಲ್ಲ. ಅದು ಕೇಳಿದ್ದು ಸರಿಯಾಗಿಯೇ ಇತ್ತು.

ಪಜೀತಿಯೆಂದರೆ, ಅದೇ ವಾರ ಗೋದಾಮಿನ ಬಾಸ್ ಅವಳನ್ನು ಕರೆದು, ಇಡೀ ಪಾಳಿಯ ಮೇಲ್ವಿಚಾರಣೆ ನೀನೇ ವಹಿಸಿಕೋ ಎಂದಿದ್ದ. ಆದರೆ ವಾರಕ್ಕೆ ಮೂರು ದಿನವಿದ್ದ ಅವಳ ಕೆಲಸ ಐದು ದಿನವಾಗಬೇಕು. ಸೋಮವಾರ ಉತ್ತರ ಹೇಳಬೇಕು.

ರೊಟ್ಟಿ ಮುರಿಯುತ್ತ ಓಂಕಾರ ಲೆಕ್ಕಾಚಾರ ಮಂಡಿಸಿದ. “ಐದು ದಿನ ಡೇಕೇರ್ ಅಂದ್ರ, ಆ ರಿಫಂಡ್ ಬರಲಿಲ್ಲಂದ್ರ ನಮಗ ಆಗೂದಿಲ್ಲ. ಹೋಗ್ಲಿ ಬಿಡು, ಈ ಸಲ ಬ್ಯಾಡ ಅಂದುಬಿಡು.”

“ಮಾವಾರು ಒಂದು ಸಹಿ ಹಾಕಿದ್ರ ಬಿಲ್ಲು ನನ್ನ ಹೆಸರಿಗೆ ಬರ್ತಾವ. ಶೆರಿಲ್ ಹೇಳ್ಯಾಳ.”

ಫಕೀರಪ್ಪನವರು ಶೇಂಗಾ ಚಟ್ನಿಯಿಂದ ತಲೆಯೆತ್ತಲಿಲ್ಲ. “ನನ್ನ ಹೆಸರು ತಗದ್ರ ಈ ಮನ್ಯಾಗ ನಾ ಯಾರವಾ? ಬಾಡಿಗಿ ಕೊಡೂ ಕಿರಾಯಿದಾರನ?”

“ಹೆಸರು ತಗದ್ರೂ ಅಜ್ಜ ನೀವಽ ಅಲ್ರಿ?”

“ಆಗೂದಿಲ್ಲ ಅಂದ್ರ ಆಗೂದಿಲ್ಲ.”

ಓಂಕಾರ ಮಜ್ಜಿಗೆಯ ಲೋಟದ ಹಿಂದೆ ಅಡಗಿಕೊಂಡ.

ಸೋಮವಾರ ಬೆಳಿಗ್ಗೆ ಫಕೀರಪ್ಪನವರು ಮೊಮ್ಮಗಳ ಕೈಹಿಡಿದು ಡೇಕೇರಿನ ಬಾಗಿಲಿಗೆ ಬಂದರೆ, ಅಲ್ಲಿ ಸೊಸೆ! ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿಯೇ ಕವಚ, ಉಕ್ಕಿನ ಮೂತಿಯ ಬೂಟು, ಕಂಕುಳಲ್ಲಿ ಹೆಲ್ಮೆಟ್ಟು. ಆನೆ ಕುದುರೆಗಳ ಬದಲಿಗೆ ಹಿಂದೆ ಒಂದು ಹಳೆಯ ಟೊಯೊಟಾ. ಶೆರಿಲ್ ಸಹಿಯ ಕಾಗದ ಹಿಡಿದುಕೊಂಡು, ಅವರ ಕನ್ನಡದ ಒಂದಕ್ಷರ ಅರ್ಥವಾಗದಿದ್ದರೂ ಮುಖ ಅರಳಿಸಿ ನಿಂತಳು.

“ಮಾವಾರ, ಒಂದು ಮಾತು ಕೇಳ್ತೀನ್ರಿ. ಗದಗಿನ ನಮ್ಮ ಮನಿ ರೇಷನ್ ಕಾರ್ಡಿನ್ಯಾಗ ಮ್ಯಾಲೆ ಯಾರ ಹೆಸರಿತ್ತು?”

ಮಾವ ಅನುಮಾನದಿಂದ ನೋಡಿದರು. “ನಿಮ್ಮ ಅತ್ತೀದು. ಮನಿ ಯಜಮಾನಿ ಅಂತ ಹೆಂಗಸರ ಹೆಸರಽ ಬರೀಬೇಕು ಅಂತ ಸರಕಾರದ ರೂಲ್ ಬಂತು.”

“ಅವತ್ತು ನೀವು ಕಿರಾಯಿದಾರ ಆದ್ರೇನ್ರಿ?”

ಫಕೀರಪ್ಪನವರು ಬಾಯಿ ತೆರೆದರು. ಕಚೇರಿಯಲ್ಲಿ ಎದುರಿಗೆ ಬಂದವರನ್ನೆಲ್ಲ ನಾಳೆ ಬಾ ಎಂದು ಸಾಗಹಾಕಿದ್ದ ಬಾಯಿ ಅದು. “ಅದು ಬ್ಯಾರೆ, ಇದು ಬ್ಯಾರೆ,” ಎಂದರು.

“ಬ್ಯಾರೆ ಅಂದ್ರ ಬ್ಯಾರೇನಽ ಮಾಡೂಣ್ರಿ. ಇವತ್ತಽ ಈಕಿನ್ನ ಇಲ್ಲಿಂದ ಬಿಡಸ್ತೀನಿ. ನನ್ನ ಗೋದಾಮಿನ ಬಾಜು ಇನ್ನೊಂದು ಡೇಕೇರ್ ಐತಿ, ಜಾಗಾನೂ ಐತಿ, ಕೇಳೀನಿ. ಅಲ್ಲಿ ಅರ್ಜಿ ನಾನಽ ತುಂಬ್ತೀನಿ. ಬಿಡೂದು, ಕರಕೊಂಡು ಬರೂದು ಎಲ್ಲಾ ನಾನಽ. ನೀವು ಆರಾಮ ಮನ್ಯಾಗ ಟಿ.ವಿ. ನೋಡ್ರಿ.”

ಬಾಣ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಮೊಮ್ಮಗಳನ್ನು ಕರೆದುಕೊಂಡು ಪಾರ್ಕಿನ ಬಾತುಕೋಳಿಗಳನ್ನು ಮಾತಾಡಿಸುತ್ತ ಮನೆಗೆ ಬರುವ ಆ ಸಂಜೆಯ ದಾರಿ ಇಲ್ಲದಿದ್ದರೆ, ಮುದುಕನಿಗೆ ಈ ದೇಶದಲ್ಲಿ ಗಾಳಿ ಬಿಟ್ಟರೆ ಮತ್ತೇನಿತ್ತು?

“ಹೆದರಸ್ತೀ ಏನವಾ?”

“ಹೌದ್ರಿ.”

ಆ ನೇರ ಉತ್ತರಕ್ಕೆ ಶಾಸ್ತ್ರದಲ್ಲೂ ಪರಿಹಾರವಿಲ್ಲ. ಅಷ್ಟರಲ್ಲಿ ಪ್ರಾಚಿ ಅಜ್ಜನ ಪ್ಯಾಂಟು ಜಗ್ಗಿ, “ಅಜ್ಜಾ, ಹರಿ ಅಪ್! ಪ್ಲೇ ಡೋ!” ಎಂದು, ಅಜ್ಜನೊಡನೆ ನಾದಿ ಆಡುವ ಬಣ್ಣದ ಹಿಟ್ಟಿಗಾಗಿ ಕೂಗಿದಳು.

ಫಕೀರಪ್ಪನವರು ಕಿಸೆಯಿಂದ ತಮ್ಮದೇ ಪೆನ್ನು ತೆಗೆದರು. ಶರಣಾಗತಿಯಲ್ಲೂ ಷರತ್ತು ಹಾಕದಿದ್ದರೆ ಅವರೆಂಥ ಹೆಡ್ ಕ್ಲಾರ್ಕ್? “ಕೂಸಿನ್ನ ಕರಕೊಂಡು ಹೋಗಾವ್ರ ಪಟ್ಟಿನ್ಯಾಗ ಮೊದಲಿಗೆ ನನ್ನ ಹೆಸರಽ ಇರಬೇಕು. ಓಂಕಾರಂದು ನನ್ನ ಕೆಳಗ.”

“ಓಂಕಾರಂದು ಎಲ್ಲಿ ಬೇಕಾದ್ರೂ ಬರಕೊಳ್ರಿ.”

ಸಹಿ ಬಿತ್ತು. ಹಳೆಯ ಬಿಲ್ಲುಗಳನ್ನೂ ಅವಳ ಹೆಸರಿಗೆ ಮಾಡಿಕೊಡುವುದಾಗಿ ಶೆರಿಲ್ ಹೇಳಿದಳು. ಸೊಸೆಗೆ ಬೆನ್ನು ತಿರುಗಿಸಿ ಮಾವ, ಯಾರೋ ಬಿಟ್ಟುಹೋಗಿದ್ದ ಪುಟ್ಟ ಗಮ್‌ಬೂಟುಗಳನ್ನು ಜೋಡಿಸುವುದರಲ್ಲಿ ಮಗ್ನರಾದರು.

ನೀಲಗಂಗಾ ಕಾರಿನಲ್ಲಿ ಕೂತು ಮೊದಲು ಬಾಸ್‌ಗೆ ಫೋನ್ ಮಾಡಿದಳು. ಆಮೇಲೆ ಗಂಡನಿಗೆ.

“ಅಪ್ಪಾ ಒಪ್ಪಿದ್ನೇನು?” ಓಂಕಾರ ಮೆಲ್ಲಗೆ ಕೇಳಿದ.

“ಒಪ್ಪಿದ್ರು. ಐದು ದಿನದ ಕೆಲಸಕ್ಕ ಹೂಂ ಅಂದುಬಿಟ್ಟೀನಿ. ಬೆಳಿಗ್ಗೆ ರೊಟ್ಟಿ ಇನ್ನ ಮ್ಯಾಲೆ ನಿಮ್ಮದ್ರಿ.”

“ಏ, ನನ್ನ ಒಂದು ಮಾತು ಕೇಳಲೇ ಇಲ್ಲಲ್ಲ!”

“ಹಿಟ್ಟು ನಾದೂದು ಗೊತ್ತಿಲ್ಲಂದ್ರ ನಿಮ್ಮ ಅಪ್ಪಾರ್ನ ಕೇಳ್ರಿ,” ಎಂದು ಫೋನಿಟ್ಟು, ಅವಳು ಗೋದಾಮಿನ ಕಡೆ ಗಾಡಿ ತಿರುಗಿಸಿದಳು.