ಅಡಿಕೆ ಚೀಲ ಕೂತ ಗಾಡಿ

ನಾನು ನನ್ನ ಮಕ್ಕಳನ್ನು ಅಡಿಕೆ ಹಾಳೆಯ ಮೇಲೆ ಕೂರಿಸಿ ತೋಟವಿಡೀ ಎಳೆದವಳು. ಮಗುವಿಗೆ ತಳ್ಳುವ ಗಾಡಿ ಬೇಕೆಂದು ಸೊಸೆ ಹೇಳಿದಾಗ ನಗು ಬಂತು. ಆದರೆ ಅವಳಿಗೆ ಗಾಡಿ ಬೇಕಾದದ್ದು ಮೆರೆಯಲಿಕ್ಕಲ್ಲ, ಓಡಲಿಕ್ಕೆ. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಓಟದ ಪರೀಕ್ಷೆ ಹತ್ತಿರ ಬಂದಿತ್ತು. ಪ್ರಾಯದ ಲೆಕ್ಕದಲ್ಲಿ ಅವಳಿಗೆ ಇದೇ ಕೊನೆಯ ಸಲ. ಮಗ ಬೆಳಗಾಗುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುತ್ತಾನೆ. ಮಗುವಿಗೆ ಅಂಬೆಗಾಲಿಟ್ಟು ಒಲೆಯ ಹತ್ತಿರ ಹೋಗುವ ಪ್ರಾಯ, ಹಿಂದೆ ಓಡಲು ನನ್ನ ಮೊಣಕಾಲಿಗೆ ಆಗುವುದಿಲ್ಲ. ಮಗುವನ್ನು ಬಿಟ್ಟು ಓಡುವ ಹಾಗಿಲ್ಲ, ಓಡದೆ ಕೆಲಸ ಸಿಗುವ ಹಾಗಿಲ್ಲ.

ಪುತ್ತೂರಿಗೆ ಹೊರಟ ದಿನ ಅವಳು ಮಗುವನ್ನು ಅಡಿಕೆಯ ತಕ್ಕಡಿಯಲ್ಲಿ ಕೂರಿಸಿ ತೂಗಿದಳು. ಅಷ್ಟೇ ತೂಕದ, ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ಚೀಲಕ್ಕೆ ತುಂಬಿದಳು. ಮಗುವನ್ನು ಅದರ ಅಪ್ಪನ ಕೈಗೆ ಕೊಟ್ಟು, ಚೀಲ ಹಿಡಿದು ಬಸ್ಸು ಹತ್ತಿದೆವು.

"ಅಕ್ಕ, ಅಡಿಕೆ ತಕ್ಕೊಳ್ಳುವ ಅಂಗಡಿ ಆಚೆ ಉಂಟು" ಎಂದು ಗಾಡಿಯಂಗಡಿಯವನು ನಕ್ಕ.

"ಇದು ಅಡಿಕೆ ಅಲ್ಲ, ಮಗು. ಗಾಡಿ ತೋರಿಸಿ" ಎಂದಳು ಸೊಸೆ.

ಅವನು ಚಂದದ್ದೊಂದನ್ನು ತಂದ. ಅಂಗಡಿಯ ನೆಲದಲ್ಲಿ ನುಣ್ಣಗೆ ಹೋಯಿತು. "ಇದೇ ಆಗ್ತದೆ, ನಡಿ" ಎಂದೆ ನಾನು.

"ನಮ್ಮ ಮಾರ್ಗಕ್ಕೆ ಟೈಲ್ಸ್ ಹಾಕಿದ್ದು ಯಾವಾಗ ಅತ್ತೆ?"

ಚೀಲವನ್ನು ಬೆಲ್ಟಿನಲ್ಲಿ ಬಿಗಿದು, ಹೊರಗಿನ ಜಲ್ಲಿಯ ಮೇಲೆ ತಳ್ಳಿಕೊಂಡು ಓಡಿದಳು. ಮುಂದಿನ ಸಣ್ಣ ಚಕ್ರ ಸಿಕ್ಕಿಬಿತ್ತು. ಗಾಡಿ ಮುಗ್ಗರಿಸಿತು, ಚೀಲ ಜಾರಿ ಬಾಯಿ ಬಿಚ್ಚಿ ಅಡಿಕೆ ಮಾರ್ಗಕ್ಕೆ ಚೆಲ್ಲಿತು. ಅಂಗಡಿಯವನ ನಗು ನಿಂತಿತು.

"ಇದು ಓಡ್ಲಿಕ್ಕೆ ಇರುದಲ್ಲ ಮಾರಾಯ್ರೆ, ನಡೀಲಿಕ್ಕೆ!"

"ಓಡುವಂಥದ್ದು ಇದ್ರೆ ತನ್ನಿ."

ನಾನು ಬೈಯುತ್ತಾ ಅಡಿಕೆ ಹೆಕ್ಕಿದೆ. ಮಗುವೇ ಇದ್ದಿದ್ದರೆ ಎಂದು ನೆನೆದು ಬಾಯಿ ಮುಚ್ಚಿದೆ.

ಅವನು ಒಳಗಿನಿಂದ ಧೂಳು ಹಿಡಿದದ್ದೊಂದನ್ನು ತಂದ. ಮೂರೇ ಚಕ್ರ, ಸೈಕಲಿನ ಹಾಗೆ ಗಾಳಿ ತುಂಬುವಂಥವು. "ದೊಡ್ಡ ಆಯ್ತು ಹೇಳಿ ಯಾರೂ ತಕ್ಕೊಳ್ಳುದಿಲ್ಲ" ಎಂದ. ಅವಳು ಇಳಿಜಾರಿನಲ್ಲಿ ಬ್ರೇಕು ಹಾಕಿ ಕೈಬಿಟ್ಟು ನೋಡಿದಳು. ನಿಂತಿತು. ಎರಡು ಹೆಗಲಿಗೂ ಬರುವ ಬೆಲ್ಟನ್ನು ಎಳೆದು ನೋಡಿದಳು. ಹಿಡಿಕೆಯ ಪಟ್ಟಿಯನ್ನು ಕರುವಿನ ಹಗ್ಗದ ಹಾಗೆ ಮಣಿಕಟ್ಟಿಗೆ ಸುತ್ತಿಕೊಂಡು ಜಲ್ಲಿಯಲ್ಲಿ ಓಡಿದಳು. ಚೀಲ ಅಲುಗಲಿಲ್ಲ. ಎತ್ತು ಕೊಳ್ಳುವಾಗ ಹಲ್ಲು, ಗೊರಸು ನೋಡುವವರನ್ನು ಕಂಡಿದ್ದೇನೆ. ಗಾಡಿಯನ್ನು ಹಾಗೆ ನೋಡಿದವಳು ಇವಳೊಬ್ಬಳೇ.

ಮರುದಿನ ಬೆಳಿಗ್ಗೆ ಮಗುವನ್ನು ಕೂರಿಸಿಕೊಂಡು ಬೆಳ್ಳಾರೆ ಮಾರ್ಗದಲ್ಲಿ ಓಡಿದಳು. ಎದುರಾದವರು ನನ್ನಲ್ಲಿ ಬಂದು, "ಎಂತ ಅಮ್ಮ, ನಿಮ್ಮ ಸೊಸೆಗೆ ಮರುಳಾ?" ಎಂದು ಕೇಳಿದರು.

"ಹೌದು. ನಿಮಗೆ ಅವಳಷ್ಟು ಓಡ್ಲಿಕ್ಕೆ ಆಗ್ತದಾ?" ಎಂದೆ.

ಮಗು ಅತ್ತುಕೊಂಡೇ ಬರುತ್ತದೆಂದು ನಾನು ಗಂಜಿ ಆರಿಸಿ ಇಟ್ಟಿದ್ದೆ. ಏರು ಹತ್ತಿ ಬಂದವಳ ಮೈಯೆಲ್ಲ ಬೆವರು. ಮಗುವಿಗೆ ಗಾಢ ನಿದ್ದೆ. ಗಂಜಿಯನ್ನು ಅವಳೇ ಕುಡಿದಳು. ಪರೀಕ್ಷೆ ಮುಗಿಯುವವರೆಗೆ ದಿನಾ ಅವಳಿಗೇ ಒಂದು ಬಟ್ಟಲು ಹೆಚ್ಚು ಬೇಯಿಸಿದೆ.